ಚಾರ್ಲ್‌ಟನ್ ಕಾಫಿಹೌಸ್

ಚಾರ್ಲ್‌ಟನ್ ಕಾಫಿಹೌಸ್ ಅಮೆರಿಕ ಸಂಯುಕ್ತ ಸಂಸ್ಥಾನದ ವರ್ಜೀನಿಯಾ ರಾಜ್ಯದ ವಿಲಿಯಮ್ಸ್‌ಬರ್ಗ್ ಪಟ್ಟಣದಲ್ಲಿರುವ ಒಂದು ಪುನರ್ನಿರ್ಮಿತ ಕಟ್ಟಡ. ಬ್ರಿಟಿಷ್ ವಸಾಹತು ಕಾಲದ ಮೂಲ ಕಟ್ಟಡದ ಅಡಿಪಾಯದ ಮೇಲೆಯೇ ನಿಂತಿರುವ ಇದನ್ನು 2009ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು.

ಇತಿಹಾಸ

ಡ್ಯೂಕ್ ಆಫ್ ಗ್ಲೌಸ್ಟರ್ ಬೀದಿಯಲ್ಲಿ, ಶಾಸನಸಭಾ ಭವನದ ಸಮೀಪದಲ್ಲಿದ್ದ ಮೂಲ ಕಟ್ಟಡವು ಮೊದಲಿಗೆ ಸರಕು ಮಳಿಗೆಯಾಗಿತ್ತು. 1760ರ ದಶಕದಲ್ಲಿ ರಿಚರ್ಡ್ ಚಾರ್ಲ್‌ಟನ್ ಇಲ್ಲಿ ಕಾಫಿಹೌಸ್ ನಡೆಸುತ್ತಿದ್ದನು. ಸುತ್ತಲಿನ ಬಯಲು ವರ್ತಕರು ಹಣದ ವ್ಯವಹಾರ ನಡೆಸುವ ತಾಣವಾಗಿತ್ತು. 1767ರಲ್ಲಿ ಕಾಫಿಹೌಸನ್ನು ವಸತಿಸಹಿತ ಪಾನಗೃಹವಾಗಿ ಮಾರ್ಪಡಿಸಲಾಯಿತು.

ಪತ್ರಿಕೆಗಳು ಹಾಗೂ ಕಾನೂನು ಪತ್ರಗಳ ಮೇಲೆ ತೆರಿಗೆ ವಿಧಿಸಿದ ಮುದ್ರಾಂಕ ಕಾಯ್ದೆಯ ವಿರುದ್ಧ 1765ರ ಅಕ್ಟೋಬರ್ 30ರಂದು ಇಲ್ಲಿ ಪ್ರತಿಭಟನೆ ನಡೆಯಿತು. ಮುದ್ರಾಂಕ ವಿತರಣೆಗೆ ನೇಮಕಗೊಂಡಿದ್ದ ಜಾರ್ಜ್ ಮರ್ಸರ್‌ನನ್ನು ಜನರು ಸುತ್ತುವರಿದು ರಾಜೀನಾಮೆಗೆ ಒತ್ತಾಯಿಸಿದರು. ಕಾಫಿಹೌಸಿನ ಜಗಲಿಯಲ್ಲಿ ಕುಳಿತಿದ್ದ ಲೆಫ್ಟಿನೆಂಟ್ ಗವರ್ನರ್ ಫ್ರಾನ್ಸಿಸ್ ಫಾಕಿಯರ್ ಮಧ್ಯಪ್ರವೇಶಿಸಿ, ಗುಂಪಿನ ನಡುವೆಯೇ ಮರ್ಸರ್‌ನನ್ನು ತನ್ನ ನಿವಾಸಕ್ಕೆ ಕರೆದೊಯ್ದನು. ಮರುದಿನ ಮರ್ಸರ್ ಹುದ್ದೆಯನ್ನು ತ್ಯಜಿಸಿದನು. ಫಾಕಿಯರ್ ಲಂಡನ್ನಿಗೆ ಬರೆದ ಪತ್ರದಲ್ಲಿ ಈ ಘಟನೆಯ ವಿವರಗಳಿವೆ.

ಉತ್ಖನನ

1890ರ ಸುಮಾರಿಗೆ ಹಳೆಯ ಕಟ್ಟಡವನ್ನು ಕೆಡವಿ, ಅದರ ಅಡಿಪಾಯದ ಭಾಗವನ್ನು ಬಳಸಿಕೊಂಡು ಆರ್ಮಿಸ್ಟೆಡ್ ಕುಟುಂಬದ ಮನೆಯನ್ನು ಕಟ್ಟಲಾಯಿತು. ಇದರಿಂದಾಗಿ ಕೆಳಗಿನ ಇಟ್ಟಿಗೆ ಗೋಡೆಗಳು ಭಾಗಶಃ ಉಳಿದುಕೊಂಡವು. 1995ರಲ್ಲಿ ಆ ಮನೆಯನ್ನು ಬೇರೆಡೆಗೆ ಸ್ಥಳಾಂತರಿಸಿದ ಬಳಿಕ ಪುರಾತತ್ತ್ವಜ್ಞರು ನಿವೇಶನದಲ್ಲಿ ಉತ್ಖನನ ನಡೆಸಿದರು. ಕಾಫಿ, ಚಹಾ ಪಾತ್ರೆಗಳ ಚೂರುಗಳು, ಹೊಗೆಕೊಳವೆಗಳು ಮತ್ತು ಪ್ರಾಣಿಗಳ ಎಲುಬುಗಳು ದೊರೆತವು. ಎಲುಬುಗಳ ವೈವಿಧ್ಯವು ಅಲ್ಲಿ ಪಾನೀಯಗಳಷ್ಟೇ ಅಲ್ಲದೆ ಉತ್ತಮ ಭೋಜನವೂ ದೊರೆಯುತ್ತಿತ್ತೆಂದು ಸೂಚಿಸುತ್ತದೆ. ಮಾನವ ಬೆನ್ನುಮೂಳೆಯ ಒಂದು ಮಣಿಯೂ ಸಿಕ್ಕಿದ್ದು, ಅದು ಅಂಗರಚನೆಯ ಉಪನ್ಯಾಸದಲ್ಲಿ ಬಳಕೆಯಾದ ಅಸ್ಥಿಪಂಜರದ್ದಾಗಿರಬಹುದೆಂದು ಊಹಿಸಲಾಗಿದೆ.

ಪುನರ್ನಿರ್ಮಾಣ

ಅಡಿಪಾಯವು ಕಟ್ಟಡದ ನೆಲನಕ್ಷೆಯನ್ನು ತಿಳಿಸಬಲ್ಲದೇ ಹೊರತು ಅದರ ಮೇಲಿನ ಗೋಡೆ, ಕಿಟಕಿ ಹಾಗೂ ಛಾವಣಿಯ ರೂಪವನ್ನು ಪೂರ್ಣವಾಗಿ ತಿಳಿಸಲಾರದು. ಆದ್ದರಿಂದ ಲಿಖಿತ ದಾಖಲೆಗಳನ್ನೂ ಅದೇ ಕಾಲದ ಇತರ ಕಟ್ಟಡಗಳನ್ನೂ ಅಧ್ಯಯನ ಮಾಡಿ ವಿನ್ಯಾಸವನ್ನು ನಿರ್ಧರಿಸಲಾಯಿತು. ಫಾಕಿಯರ್‌ನ ಪತ್ರದಲ್ಲಿ ಉಲ್ಲೇಖಗೊಂಡ ಜಗಲಿ ಮತ್ತು ಮೆಟ್ಟಿಲುಗಳು ಮರಳಿ ರೂಪುಗೊಂಡವು. ಉಳಿದಿದ್ದ ಮೂಲ ಇಟ್ಟಿಗೆ ಕೆಲಸವನ್ನು ಕಿತ್ತುಹಾಕದೆ ಹೊಸ ಕಟ್ಟಡದಲ್ಲಿ ಸೇರಿಸಿಕೊಳ್ಳಲಾಯಿತು. ಕೈಯಿಂದ ಅಚ್ಚು ಹಾಕಿದ ಇಟ್ಟಿಗೆ, ಕೊಡಲಿಯಿಂದ ಕೆತ್ತಿದ ತೊಲೆ ಹಾಗೂ ಕಮ್ಮಾರರು ಬಡಿದು ಮಾಡಿದ ಮೊಳೆಗಳು ಬಳಕೆಯಾದವು. ಹೀಗಾಗಿ ಇಂದಿನ ಕಟ್ಟಡದಲ್ಲಿ ಹದಿನೆಂಟನೆಯ ಶತಮಾನದ ಅವಶೇಷ, ಪುರಾವೆಯನ್ನು ಆಧರಿಸಿದ ಮರುರಚನೆ ಮತ್ತು ತಜ್ಞರ ಊಹೆ ಮೂರೂ ಬೆರೆತಿವೆ.