ಸುಟ್ಟ ಮನೆ, ಕಡತದ ಮನೆ

ಕ್ಯಾಲಿಫೋರ್ನಿಯಾದ ಅಲ್ಟಡೀನಾದಲ್ಲಿ, ಸುಟ್ಟುಹೋದ ಮನೆ ಎಷ್ಟು ದೊಡ್ಡದಿತ್ತು ಎಂದು ಕೇಳಿದರೆ ಕೆಲವೊಮ್ಮೆ ಎರಡು ಉತ್ತರ ಸಿಗುತ್ತವೆ. ಮನೆಯವರು ಬಾಳಿ ಬದುಕಿದ ಮನೆ ಒಂದು, ಕೌಂಟಿ ಕಚೇರಿಯ ಕಡತದಲ್ಲಿರುವ ಮನೆ ಇನ್ನೊಂದು. ಇವೆರಡರ ಅಳತೆ ಹೊಂದಿಕೆಯಾದರೆ ಮತ್ತೆ ಮನೆ ಕಟ್ಟಲು ಪರ್ಮಿಟ್ ಸಿಗುವ ದಾರಿ ಹತ್ತಿರದ್ದು. ಆಗದಿದ್ದರೆ ಬೂದಿಯ ನಡುವೆ ನಿಂತು ಕಾಗದ ಹುಡುಕುವ ಕೆಲಸ ಶುರುವಾಗುತ್ತದೆ.

2025ರ ಜನವರಿ 7ರಂದು ಬೆಳಿಗ್ಗೆ ಲಾಸ್ ಏಂಜಲೀಸ್‌ನ ಪೆಸಿಫಿಕ್ ಪ್ಯಾಲಿಸೇಡ್ಸ್‌ನಲ್ಲಿ ಬೆಂಕಿ ಎದ್ದಿತು. ಸಂಜೆ ಈಟನ್ ಕಣಿವೆಯಲ್ಲಿ ಹೊತ್ತಿದ ಇನ್ನೊಂದು ಬೆಂಕಿ ಸಾಂತಾ ಆನಾ ಒಣಗಾಳಿಗೆ ಸಿಕ್ಕಿ, ಬೆಟ್ಟದ ಬುಡದ ಅಲ್ಟಡೀನಾಕ್ಕೆ ನುಗ್ಗಿತು. ಎರಡೂ ಕಡೆ ಸೇರಿ 16,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ವಾರದೊಳಗೇ ಗವರ್ನರ್ ಗ್ಯಾವಿನ್ ನ್ಯೂಸಮ್ ಆದೇಶ ಹೊರಡಿಸಿ, ಮರುನಿರ್ಮಾಣಕ್ಕೆ ರಾಜ್ಯದ ಪರಿಸರ ಪರಿಶೀಲನೆ ಮತ್ತು ಕರಾವಳಿ ಕಾಯ್ದೆಯ ಅನುಮತಿ ಬೇಡವೆಂದರು. ಆದರೆ ಒಂದು ಷರತ್ತು ಇತ್ತು: ಮೊದಲಿದ್ದ ಮನೆಯ ತಳವಿಸ್ತೀರ್ಣ, ಎತ್ತರಗಳ ಶೇ 110 ಮೀರಬಾರದು. ಅಲ್ಲಿನವರ ಬಾಯಲ್ಲಿ ಇದು ‘ಲೈಕ್ ಫಾರ್ ಲೈಕ್’, ಇದ್ದಂತೆಯೇ ಕಟ್ಟುವುದು.

ಆ ‘ಇದ್ದಂತೆ’ಯನ್ನು ತೋರಿಸಿಕೊಡಬೇಕಾದವರು ಮನೆ ಕಳೆದುಕೊಂಡವರೇ. ಅಲ್ಟಡೀನಾದ ಎಷ್ಟೋ ಮನೆಗಳು 1920, 30ರ ದಶಕದವು. ಕೈಯಿಂದ ಕೈಗೆ ಬರುವಾಗ ಒಬ್ಬರು ಹಿತ್ತಲ ಜಗಲಿಗೆ ಗೋಡೆ ಎಬ್ಬಿಸಿ ಅಡುಗೆಮನೆ ಹಿಗ್ಗಿಸಿರುತ್ತಾರೆ, ಇನ್ನೊಬ್ಬರು ಗ್ಯಾರೇಜಿಗೆ ಕಿಟಕಿ ಕೂರಿಸಿ, ಮಗ ಸೊಸೆಗೆ ಕೋಣೆ ಮಾಡಿರುತ್ತಾರೆ. ಅದಕ್ಕೆಲ್ಲ ಆಗ ಪರ್ಮಿಟ್ ಪಡೆದಿರಬಹುದು, ಪಡೆಯದೆಯೂ ಇರಬಹುದು. ಪಡೆದಿದ್ದರೂ ಮನೆಯಲ್ಲಿದ್ದ ಅದರ ನಕಲು ಮನೆಯ ಜೊತೆಗೇ ಬೂದಿಯಾಗಿದೆ. ಕೋಣೆ ಕಡತದಲ್ಲಿಲ್ಲ ಎಂದಾದರೆ, ಅದನ್ನು ಮತ್ತೆ ಕಟ್ಟುವುದು ಹೊಸ ನಿರ್ಮಾಣದ ಲೆಕ್ಕಕ್ಕೆ ಹೋಗುವ ಭಯ.

ಈ ಊರಿನ ಮಟ್ಟಿಗೆ ಇದು ಬರೀ ಅಳತೆಯ ಜಗಳವಲ್ಲ. ಕಪ್ಪು ಜನರಿಗೆ ಮನೆ ಮಾರಲೊಪ್ಪದ, ಸಾಲ ಸಿಗದ ಬಡಾವಣೆಗಳೇ ಸುತ್ತ ತುಂಬಿದ್ದ ಕಾಲದಲ್ಲಿ ಅವರು ಸ್ವಂತ ಮನೆ ಮಾಡಿಕೊಳ್ಳಲು ಸಾಧ್ಯವಾದ ಕೆಲವೇ ಜಾಗಗಳಲ್ಲಿ ಪಶ್ಚಿಮ ಅಲ್ಟಡೀನಾ ಒಂದು. ಅಜ್ಜಿ ದುಡಿದು ಕೊಂಡ ಮನೆಯಲ್ಲಿ ಮೊಮ್ಮಕ್ಕಳು ಇದ್ದರು. ಕೆಲವು ಕುಟುಂಬಗಳಲ್ಲಿ ಅಜ್ಜಿ ತೀರಿಹೋದರೂ ಮನೆಯ ಪತ್ರ ಅವರ ಹೆಸರಿನಲ್ಲೇ ಉಳಿದಿದೆ. ಹೆಸರು ಬದಲಾಯಿಸಲು ಕೋರ್ಟಿಗೆ ಹೋಗಬೇಕು, ವಕೀಲರಿಗೆ ದುಡ್ಡು ಕೊಡಬೇಕು, ಆಮೇಲಷ್ಟೇ ನಕ್ಷೆಯ ಮಾತು. ‘ಇಷ್ಟು ದಿನದಲ್ಲಿ ಪರ್ಮಿಟ್ ಕೊಡುತ್ತೇವೆ’ ಎಂದು ಸರ್ಕಾರಗಳು ಹೇಳುವಾಗ ಆ ದಿನಗಳ ಎಣಿಕೆ ಅರ್ಜಿ ಕೈಸೇರಿದ ಮೇಲೆ ಶುರುವಾಗುತ್ತದೆ. ಅರ್ಜಿ ಹಾಕುವ ಸ್ಥಿತಿಗೆ ಬರಲು ಹಿಡಿದ ತಿಂಗಳುಗಳು ಯಾವ ಲೆಕ್ಕದಲ್ಲೂ ಇಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಕಟ್ಟಲು ಶುರುಮಾಡುವ ಮೊದಲು ಜಾಗವೂ ಶುಚಿಯಾಗಬೇಕು. ಬ್ಯಾಟರಿ, ಬಣ್ಣ, ಗ್ಯಾಸ್ ಸಿಲಿಂಡರ್‌ಗಳನ್ನು ಒಕ್ಕೂಟ ಸರ್ಕಾರದ ಪರಿಸರ ಸಂಸ್ಥೆ ತೆಗೆಸಿತು. ಮಾಲೀಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಮೇಲೆ ಸೇನೆಯ ಎಂಜಿನಿಯರಿಂಗ್ ವಿಭಾಗ ಬೂದಿ, ಅವಶೇಷಗಳ ಜೊತೆಗೆ ಆರು ಇಂಚು ಮಣ್ಣನ್ನೂ ಎತ್ತಿಸಿತು.

ತಡವಾಗುತ್ತದೆ ಎಂದು ಎಲ್ಲ ನಿಯಮಗಳನ್ನೂ ಸಡಿಲಿಸಿ ಎನ್ನಲು ನನಗೆ ಮನಸ್ಸಿಲ್ಲ. ಅಟ್ಟಕ್ಕೆ ಗಾಳಿ ಹೋಗುವ ಕಿಂಡಿಯನ್ನೇ ನೋಡಿ. ಹಳೆಯ ಮನೆಗಳಲ್ಲಿ ಅದರ ಜಾಲರಿಗೆ ಕಾಲು ಇಂಚಿನ ಕಣ್ಣು ಸಾಮಾನ್ಯ. ಗಾಳಿಯಲ್ಲಿ ಹಾರಿಬಂದ ಕೆಂಡದ ಚೂರು ಅದರೊಳಗೆ ತೂರಿದರೆ ಮನೆ ಒಳಗಿನಿಂದಲೇ ಹೊತ್ತಿಕೊಳ್ಳುತ್ತದೆ. ಅಪಾಯ ವಲಯಗಳಲ್ಲಿ ಆ ಕಣ್ಣು ಇಂಚಿನ ಎಂಟನೇ ಒಂದು ಭಾಗ ಮೀರಬಾರದೆಂದು ರಾಜ್ಯದ ಕಟ್ಟಡ ಸಂಹಿತೆ ಹೇಳುತ್ತದೆ. 2018ರ ನವೆಂಬರಿನಲ್ಲಿ ಪ್ಯಾರಡೈಸ್ ಊರು ಸುಟ್ಟಾಗ, ಈ ನಿಯಮ ಬಂದ 2008ರ ನಂತರ ಕಟ್ಟಿದ ಮನೆಗಳಲ್ಲಿ ಸುಮಾರು ಅರ್ಧ ಉಳಿದವು. ಹಳೆಯ ಮನೆಗಳಲ್ಲಿ ಹಾನಿಯಿಲ್ಲದೆ ಉಳಿದವು ಐದರಲ್ಲಿ ಒಂದೂ ಇಲ್ಲ. ಈಟನ್ ಬೆಂಕಿಯಾದರೋ ಅಪಾಯ ವಲಯದ ಗೆರೆಯಾಚೆಗಿದ್ದ ಬೀದಿಗಳನ್ನೂ ಸುಟ್ಟಿದೆ. ಅಲ್ಲಿ ಮತ್ತೆ ಕಟ್ಟುವವರೂ ಈ ಜಾಲರಿ ಹಾಕಿಸುವುದು ಒಳ್ಳೆಯದು.

ಕಚೇರಿಗಳೂ ಪಾಠ ಕಲಿತಿಲ್ಲವೆಂದಲ್ಲ. 2017ರ ಬೆಂಕಿಯಲ್ಲಿ ಮನೆ ಕಳೆದುಕೊಂಡವರಿಗಾಗಿಯೇ ಇದೇ ರಾಜ್ಯದ ಸಾಂತಾ ರೋಸಾ ನಗರ ಪ್ರತ್ಯೇಕ ಪರ್ಮಿಟ್ ಕೇಂದ್ರ ತೆರೆಯಿತು. 2023ರಲ್ಲಿ ಲಹೈನಾ ಸುಟ್ಟ ಮೇಲೆ ಹವಾಯಿಯ ಮೌಯಿ ಕೌಂಟಿಯೂ ಅದನ್ನೇ ಮಾಡಿತು. ಲಾಸ್ ಏಂಜಲೀಸ್ ಕೌಂಟಿ ಅಲ್ಟಡೀನಾದಲ್ಲೇ, ವುಡ್‌ಬರಿ ರಸ್ತೆಯಲ್ಲಿ, ಎಲ್ಲ ಇಲಾಖೆಗಳ ಮೇಜುಗಳನ್ನು ಒಂದೇ ಸೂರಿನಡಿ ತಂದಿತು. ಆ ಮೇಜುಗಳ ಪಕ್ಕ ಹಳೆಯ ದಾಖಲೆ ಹುಡುಕಿಕೊಡಲು, ವಾರಸುದಾರಿಕೆಯ ಕಾಗದ ಸರಿಪಡಿಸಲು ಕೂರುವವರೂ ಅಷ್ಟೇ ಮುಖ್ಯ.

ಏಕೆಂದರೆ ಅಷ್ಟೂ ದಿನ ಬೇರೆಡೆಯ ಬಾಡಿಗೆ ಓಡುತ್ತಿರುತ್ತದೆ. ತುರ್ತುಸ್ಥಿತಿ ಘೋಷಣೆಯಾದ ಕಡೆ ವಿಮಾ ಕಂಪನಿಗಳು ಪಾಲಿಸಿಯ ಮಿತಿಯೊಳಗೆ ಕನಿಷ್ಠ 24 ತಿಂಗಳು ಬೇರೆಡೆ ವಾಸದ ಖರ್ಚು ಭರಿಸಬೇಕೆಂಬುದು ಕ್ಯಾಲಿಫೋರ್ನಿಯಾದ ಕಾನೂನು. ಈ ಬೆಂಕಿಯ ಲೆಕ್ಕದಲ್ಲಿ ಅದು 2027ರ ಜನವರಿಗೆ ಮುಗಿಯುತ್ತದೆ. ಪರ್ಮಿಟ್ ತಡವಾದಂಥ, ಮನೆಯವರ ಕೈಮೀರಿದ ಕಾರಣಗಳಿದ್ದರೆ ಇನ್ನೂ 12 ತಿಂಗಳವರೆಗೆ ವಿಸ್ತರಣೆಗೆ ಅದೇ ಕಾನೂನಿನಲ್ಲಿ ಅವಕಾಶವಿದೆ. ಅಜ್ಜಿಯ ಹೆಸರು ಬದಲಾಯಿಸಲು ಕೋರ್ಟಿನಲ್ಲಿ ಕಳೆದ ತಿಂಗಳುಗಳನ್ನೂ ಆ ಕಾರಣಗಳಲ್ಲಿ ಸೇರಿಸಿಕೊಂಡು, ಮನೆಯವರಿಂದ ಮತ್ತೊಂದು ಕಡತ ಮಾಡಿಸದೆ, ವಿಮಾ ಕಂಪನಿಗಳು ವಿಸ್ತರಣೆ ಕೊಡಬೇಕು.