ಮೊಲವು ಮೇವು ಬಿಟ್ಟು ಹಿಂಗಾಲು ಎಳೆದಾಗ

ಮನುಷ್ಯರ ನಾಡಿ ಹಿಡಿದು ಮೂರೂವರೆ ದಶಕ ಕಳೆದ ನಮಗೆ ಸಾಕುಪ್ರಾಣಿಯ ವ್ಯಾಧಿಯನ್ನು ಕುರಿತು ಬರೆಯುವ ಅಧಿಕಾರವೇನಿದೆ ಎಂದು ಸದ್ಭಕ್ತರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೂ ಬರೆಯುತ್ತಿರುವುದಕ್ಕೆ ಕಾರಣ, ನಮ್ಮಿಂದಲೇ ಆದ ಒಂದು ತಪ್ಪು.

ಕಳೆದ ಬೇಸಿಗೆಯಲ್ಲಿ ಕೊಳ್ಳೇಗಾಲ ಮತ್ತು ಯಳಂದೂರಿನ ನಡುವಣ ಗ್ರಾಮವೊಂದರಿಂದ ರೈತ ದಂಪತಿಗಳು ತಮ್ಮ ಮಗಳೊಡನೆ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಬಾಲಕಿಯ ಕೈಯಲ್ಲಿದ್ದ ಬಿದಿರು ಬುಟ್ಟಿಯಲ್ಲಿ ಒಂದು ಬಿಳಿಯ ಮೊಲವಿತ್ತು. ಹಿಂದಿನ ರಾತ್ರಿ ಊರ ಜಾತ್ರೆಯಲ್ಲಿ ಪಟಾಕಿ ಸಿಡಿದಿತ್ತು. ಬೆಳಗ್ಗೆ ನೋಡುವಾಗ ಮೊಲವು ಎರಡೂ ಹಿಂಗಾಲುಗಳನ್ನು ಎಳೆಯುತ್ತಿತ್ತು, ಮೇವು ಮುಟ್ಟಿರಲಿಲ್ಲ. ಪಶುವೈದ್ಯರಿಗಿಂತ ನಾವು ಪರಿಚಿತರೆಂಬ ವಿಶ್ವಾಸದಿಂದ ಅವರು ನಮ್ಮಲ್ಲಿಗೆ ಬಂದಿದ್ದರು.

ನಾವು ಅದನ್ನು ಪಕ್ಷಾಘಾತದಂತೆಯೇ ಭಾವಿಸಿದೆವು. ಹಸಿವಿಲ್ಲದಾಗ ಹೊಟ್ಟೆಗೆ ವಿಶ್ರಾಂತಿ ಕೊಡುವುದು ನಮ್ಮ ಶಾಸ್ತ್ರದ ರೂಢಿ. ಒಂದು ದಿನ ನೀರು ಮಾತ್ರ ಕೊಡಿ, ಸೊಂಟಕ್ಕೆ ಬೆಚ್ಚಗಿನ ಎಳ್ಳೆಣ್ಣೆ ಸವರಿ, ಗುಣ ಕಾಣದಿದ್ದರೆ ನಾಳೆ ಪಶುವೈದ್ಯರಿಗೆ ತೋರಿಸಿ ಎಂದೆವು. ನಾವು ಎಣ್ಣೆ ಹಚ್ಚಿ ತೋರಿಸುವಾಗ ಅದು ಬೆರಳನ್ನು ಹಿಂದಕ್ಕೆಳೆದುಕೊಂಡದ್ದು ಇಂದಿಗೂ ನೆನಪಿದೆ. ಮರುದಿನ ಅವರು ಪಶುವೈದ್ಯರ ಬಳಿ ಹೋಗುವಷ್ಟರಲ್ಲಿ ಅದರ ಕರುಳು ಚಲನೆ ನಿಲ್ಲಿಸಿತ್ತು. ಮೂರನೆಯ ದಿನ ಮೊಲ ಸತ್ತಿತು.

ಬಳಿಕ ಆ ಪಶುವೈದ್ಯರನ್ನು ನಾವೇ ಕಂಡು ಮಾತಾಡಿದೆವು. ಸೊಂಟದ ಕಶೇರು ಜರುಗಿತ್ತು, ಆದರೆ ಬೆರಳಿನಲ್ಲಿ ಸಂವೇದನೆ ಉಳಿದಿದ್ದರಿಂದ ಆಸೆಯಿತ್ತು, ಕಳೆದುಹೋದದ್ದು ಆ ಒಂದು ಉಪವಾಸದ ದಿನ ಎಂದು ಅವರು ನಯವಾಗಿಯೇ ಹೇಳಿದರು. ಮುಂದೆ ಬರೆದಿರುವುದು ಪಶುವೈದ್ಯ ಮಿತ್ರರಿಂದ ಕೇಳಿ, ಓದಿ ತಿಳಿದ ವಿಷಯ.

ಮೊಲದ ದೇಹಧರ್ಮ

ಮೊಲದ ಜಠರ ಮತ್ತು ಕರುಳು ಸದಾ ಚಲಿಸುತ್ತಿರಬೇಕು. ನಾರಿನ ಮೇವು ನಿರಂತರವಾಗಿ ಒಳಹೋಗುತ್ತಿದ್ದರೆ ಮಾತ್ರ ಆ ಚಲನೆ ಉಳಿಯುತ್ತದೆ. ನೋವು, ಭಯ, ಬಿಸಿಲು ಇವುಗಳಿಂದ ಮೇವು ನಿಂತರೆ ಕರುಳು ಮಂದವಾಗಿ, ವಾಯು ತುಂಬಿ, ನೋವು ಹೆಚ್ಚುತ್ತದೆ. ನೋವು ಹೆಚ್ಚಿದಂತೆ ಮೇವು ಮತ್ತಷ್ಟು ದೂರವಾಗುತ್ತದೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ಉಪವಾಸ ಮುಂದುವರಿದರೆ ಯಕೃತ್ತಿನಲ್ಲಿ ಮೇದಸ್ಸು ಸೇರಿ ಪ್ರಾಣಕ್ಕೆ ಕುತ್ತು ಬರುತ್ತದೆ. ಆದ್ದರಿಂದ ಮೊಲವು 12 ಗಂಟೆ ಮೇವು ಮುಟ್ಟದಿದ್ದರೆ, ಹಿಕ್ಕೆ ಹಾಕದಿದ್ದರೆ ಅದನ್ನು ತುರ್ತು ಸ್ಥಿತಿಯೆಂದೇ ತಿಳಿಯಬೇಕು.

ಎರಡನೆಯದು ಅದರ ಎಲುಬು. ಮೊಲದ ಅಸ್ಥಿಪಂಜರ ಒಟ್ಟು ದೇಹತೂಕದ ಶೇ. 7-8ರಷ್ಟು ಮಾತ್ರ. ಹಿಂಗಾಲಿನ ಸ್ನಾಯುಗಳೋ ಬಹು ಬಲಿಷ್ಠ. ಬೆದರಿ ಜೋರಾಗಿ ಒದ್ದಾಗ ಆ ಬಲಕ್ಕೆ ಸ್ವಂತ ಬೆನ್ನೆಲುಬೇ ಸೊಂಟದ ಬಳಿ ಮುರಿಯಬಹುದು, ಇಲ್ಲವೇ ಜರುಗಬಹುದು. ಪಟಾಕಿಯ ಸದ್ದು, ಗೂಡಿನ ಬಳಿ ಬಂದ ನಾಯಿ, ಮಗುವೊಂದು ಹಿಂಗಾಲಿಗೆ ಆಧಾರ ಕೊಡದೆ ಎತ್ತಿದ್ದು, ಇಷ್ಟೇ ಸಾಕು.

ಕಾರಣಗಳು ಹಲವು

ಹಿಂಗಾಲು ಸೋಲಲು ಪೆಟ್ಟೊಂದೇ ಕಾರಣವಲ್ಲ. ಎನ್‌ಸೆಫಲಿಟೋಜೂನ್ ಕುನಿಕುಲೈ ಎಂಬ ಸೂಕ್ಷ್ಮಪರಾವಲಂಬಿಯನ್ನು 1922ರಲ್ಲಿ ಅಮೆರಿಕದ ರೈಟ್ ಮತ್ತು ಕ್ರೇಗ್‌ಹೆಡ್ ಎಂಬ ವಿಜ್ಞಾನಿಗಳು ಮೊದಲು ವಿವರಿಸಿದ್ದು, ಕಾಲು ಸೋತ ಎಳೆಯ ಮೊಲಗಳಲ್ಲಿಯೇ. ಸೋಂಕಿತ ಮೊಲದ ಮೂತ್ರದಿಂದ ಮೇವಿಗೆ, ಮೇವಿನಿಂದ ಮತ್ತೊಂದು ಮೊಲಕ್ಕೆ ಅದು ಹರಡುತ್ತದೆ. ಮಿದುಳು, ಬೆನ್ನುಹುರಿ ಮತ್ತು ಮೂತ್ರಪಿಂಡಗಳನ್ನು ಸೇರುತ್ತದೆ. ಬಹಳಷ್ಟು ಮೊಲಗಳು ಲಕ್ಷಣವಿಲ್ಲದೆಯೇ ಅದನ್ನು ಹೊತ್ತಿರುತ್ತವೆ. ತಲೆ ಒಂದು ಕಡೆಗೆ ವಾಲುವುದು, ಹಿಂಗಾಲು ತಡವರಿಸುವುದು, ಮೂತ್ರ ಸೋರುವುದು ಇದರ ಸೂಚನೆಗಳು. ಫೆನ್‌ಬೆಂಡಜೋಲ್ ಎಂಬ ಔಷಧವನ್ನು ಪಶುವೈದ್ಯರು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ರೋಗನಿರೋಧಕ ಶಕ್ತಿ ಕುಂದಿದ ಮನುಷ್ಯರಿಗೂ ಈ ಸೋಂಕು ತಗುಲಬಹುದಾದ್ದರಿಂದ ಗೂಡು ಶುಚಿಗೊಳಿಸಿದ ಮೇಲೆ ಕೈ ತೊಳೆಯುವುದು ಅಗತ್ಯ.

ನಮ್ಮ ಸೀಮೆಯಲ್ಲಿ ಇನ್ನೆರಡು ಕಾರಣಗಳನ್ನು ಮರೆಯಬಾರದು. ಒಂದು ಬಿಸಿಲು. ಮೊಲವು ನಮ್ಮಂತೆ ಬೆವರದು. ದೇಹದ ಬಿಸಿಯನ್ನು ಕಿವಿಗಳ ಮೂಲಕ ಹೊರಹಾಕುತ್ತದೆ. ತಗಡಿನ ಚಾವಣಿಯ ಕೆಳಗೆ ತಾಪ 30 ಡಿಗ್ರಿ ಮೀರಿದರೆ ಅಪಾಯ. ಇನ್ನೊಂದು ವಿಷ. ರೇಷ್ಮೆಯ ಸೀಮೆಯಾದ ಕೊಳ್ಳೇಗಾಲದಲ್ಲಿ ಹಿಪ್ಪುನೇರಳೆ ಸೊಪ್ಪು ಮೊಲಕ್ಕೆ ಸುಲಭವಾಗಿ ಸಿಗುವ ಒಳ್ಳೆಯ ಮೇವು. ಆದರೆ ಕೀಟನಾಶಕ ಸಿಂಪಡಿಸಿದ ತೋಟದ ಸೊಪ್ಪು ನರಗಳನ್ನೇ ಕೆಡಿಸಬಲ್ಲದು.

ಕೂಡಲೇ ಮಾಡಬೇಕಾದುದು

ಮೊಲವನ್ನು ಎತ್ತಿ ಆಡಿಸದೆ, ಮೆತ್ತನೆಯ ಒಣಹುಲ್ಲು ಹಾಸಿದ ಚಿಕ್ಕ ಪೆಟ್ಟಿಗೆಯಲ್ಲಿ ಶಾಂತವಾದ, ನೆರಳಿರುವ ಕಡೆ ಇಡಬೇಕು. ಎಣ್ಣೆ ತಿಕ್ಕುವುದು, ಕಾಲು ಎಳೆದು ನೆಟ್ಟಗೆ ಮಾಡುವುದು ಸಲ್ಲದು. ಜರುಗಿದ ಎಲುಬು ಬೆನ್ನುಹುರಿಯನ್ನು ಕತ್ತರಿಸಬಹುದು. ಬಿಸಿಲಿಗೆ ಬಳಲಿದ್ದರೆ ಒದ್ದೆ ಬಟ್ಟೆಯಿಂದ ಕಿವಿಗಳನ್ನು ತಂಪು ಮಾಡಬೇಕೇ ಹೊರತು ಐಸ್ ನೀರಿನಲ್ಲಿ ಅದ್ದಬಾರದು. ಕಿವಿ ತಣ್ಣಗಿದ್ದರೆ ಬೆಚ್ಚಗಿಡಬೇಕು.

ತಾಜಾ ಗರಿಕೆ, ಕೊತ್ತಂಬರಿ ಸೊಪ್ಪನ್ನು ಮೂತಿಯ ಬಳಿಯೇ ಇಡಬೇಕು. ತಾನಾಗಿ ತಿನ್ನದಿದ್ದರೆ, ಪಶುವೈದ್ಯರನ್ನು ದೂರವಾಣಿಯಲ್ಲಿ ಕೇಳಿ, ಮೊಲದ ಗುಳಿಗೆ ಮೇವನ್ನು ನೀರಿನಲ್ಲಿ ನೆನೆಸಿ ಅರೆದು, ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ಬಲವಂತವಾಗಿ ಏನನ್ನೂ ಕೊಡಬಾರದು, ಕರುಳು ಕಟ್ಟಿರಬಹುದು. ಹಾಲು, ಮೊಸರು, ಅನ್ನದ ಗಂಜಿ ಬೇಡ.

ಮನೆಯಲ್ಲಿ ಉಳಿದ ಮಾತ್ರೆಗಳನ್ನು ಕೊಡುವುದು ಮತ್ತೊಂದು ಅಪಾಯ. ಅಮಾಕ್ಸಿಸಿಲಿನ್‌ನಂಥ ಪೆನ್ಸಿಲಿನ್ ವರ್ಗದ ಔಷಧಗಳನ್ನು ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನ ಹಿತಕರ ಜೀವಾಣುಗಳು ನಾಶವಾಗಿ ಸಾವು ಸಂಭವಿಸಬಹುದು. ನಾಯಿಯ ಉಣ್ಣೆಗೆ ಹಚ್ಚುವ ಫಿಪ್ರೋನಿಲ್ ಕೂಡ ಮೊಲಕ್ಕೆ ನಿಷಿದ್ಧ. ನಮ್ಮ ಅಂಗಡಿಯ ಚೂರ್ಣ, ಕಷಾಯಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆಗೆ ಮೊದಲು ಹೋಗಬೇಕು. ಹನೂರಿನ ಆಚೆಯ ಬೆಟ್ಟದ ಹಳ್ಳಿಗಳವರು 1962 ಪಶು ಸಹಾಯವಾಣಿಗೆ ಕರೆ ಮಾಡಿ ವಿಚಾರಿಸಬಹುದು. ಎಕ್ಸ್‌ರೇ ಬೇಕಾದರೆ ಮೈಸೂರು, ಇಲ್ಲವೇ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ. ಹನೂರಿನ ಭಕ್ತರೊಬ್ಬರ ಮೊಲ ಇದೇ ರೀತಿ ಕಾಲು ಸೋತಾಗ ಅವರು ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ಮೇವುಣಿಸುತ್ತ ಮೈಸೂರಿಗೆ ಒಯ್ದರು. ಅದರ ತಲೆ ಇಂದಿಗೂ ಕೊಂಚ ವಾಲಿದೆ. ಆದರೆ ಅದು ಅಂಗಳದಲ್ಲಿ ಓಡಾಡಿಕೊಂಡಿದೆ.

ಸಾಕುವವರಿಗೆ ಎರಡು ಮಾತು

ಮೊಲಕ್ಕೆ ಮುಖ್ಯ ಆಹಾರ ಹುಲ್ಲು ಮತ್ತು ಒಣಹುಲ್ಲು. ಕಡ್ಲೆಪುರಿ, ಬಿಸ್ಕತ್ತು, ಅನ್ನ ಆಹಾರವಲ್ಲ. ಗಜ್ಜರಿಯೂ ಅಪರೂಪಕ್ಕೆ ಒಂದು ಚೂರು ಸಾಕು. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇರಬೇಕು. ಕಿವಿ ಹಿಡಿದು ಎಂದೂ ಎತ್ತಬಾರದು. ಜಾತ್ರೆ, ದೀಪಾವಳಿಯ ರಾತ್ರಿಗಳಲ್ಲಿ ಗೂಡನ್ನು ಮನೆಯೊಳಗೆ ತರಬೇಕು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ತಪ್ಪಲಿನ ಕುರುಚಲಿನಿಂದ ಕಾಡುಮೊಲದ ಮರಿಗಳನ್ನು ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಅವು ಸಾಕುಮೊಲಕ್ಕಿಂತ ಬೇರೆಯೇ ಆದ ಜಾತಿ.

ಆನೆಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದ, ಕುದುರೆಗೆ ಶಾಲಿಹೋತ್ರನ ಶಾಸ್ತ್ರ, ಹಸುವಿಗೆ ಕನ್ನಡದಲ್ಲಿಯೇ ಕೀರ್ತಿವರ್ಮನ ಗೋವೈದ್ಯ. ಒಂದೊಂದು ಪ್ರಾಣಿಯ ದೇಹಕ್ಕೆ ಒಂದೊಂದು ಶಾಸ್ತ್ರವೆಂಬುದನ್ನು ಹಿರಿಯರು ಅಂದೇ ಅರಿತಿದ್ದರು. ಅದನ್ನು ಓದಿಯೂ ನಾವು ಮರೆತೆವು. ಬಾಲಕಿ ಈಗ ಮತ್ತೊಂದು ಮೊಲವನ್ನು ಸಾಕಿದ್ದಾಳೆ. ಅದಕ್ಕೆ ಏನಾದರೂ ಆದರೆ ಮೊದಲು ಯಾರ ಬಳಿ ಹೋಗಬೇಕೆಂಬುದನ್ನು, ನಮ್ಮ ತಪ್ಪನ್ನು ಒಪ್ಪಿಕೊಂಡು, ಅವಳಿಗೆ ನಾವೇ ಹೇಳಿ ಬಂದಿದ್ದೇವೆ.