ಮಗಳ ಊರು ಎಷ್ಟು ದೂರ?

"ಮಗಳ ಬಾಣಂತನಕ್ಕೆ ಅಮೆರಿಕಾಕ್ಕೆ ಹೊರಟಿದ್ದೀನಿ ಕಣ್ರೀ" ಎನ್ನುವ ಮಾತು ಈಗ ತಿಪಟೂರು, ಸಾಗರ, ಗೋಕಾಕದಂಥ ಊರುಗಳಲ್ಲೂ ಕೇಳಿಬರುತ್ತದೆ. ಕೂಡಲೇ ನೆರೆಮನೆಯಾಕೆ ಕೇಳುವ ಪ್ರಶ್ನೆ: "ಎಷ್ಟು ದೂರವಂತೆ? ಎಷ್ಟು ಹೊತ್ತು ಕೂತಿರಬೇಕು?" ಇದಕ್ಕೆ ಉತ್ತರ ಗೊತ್ತಿದ್ದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಆಕಾಶದಲ್ಲಿ ನೇರ ದೂರ ಸುಮಾರು 14,000 ಕಿ.ಮೀ. ಅಂದರೆ ಬೆಂಗಳೂರು–ದೆಹಲಿ ದೂರದ ಎಂಟು ಪಟ್ಟು! ದೊಡ್ಡ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹಾರುತ್ತದೆ. ಎಲ್ಲೂ ಇಳಿಯದೆ ಹೋದರೂ 16–17 ಗಂಟೆ ಬೇಕೇ ಬೇಕು. ನಡುವೆ ವಿಮಾನ ಬದಲಾಯಿಸಬೇಕಾದರೆ ಕಾಯುವ ಹೊತ್ತೂ ಸೇರಿ ಪೂರ್ತಿ ಒಂದು ದಿನ ಹಿಡಿಯಬಹುದು.

ಮೂಸಂಬಿಯ ಲೆಕ್ಕ

ಈ ಎರಡು ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಬದಿಯಲ್ಲಿವೆ. ಒಂದು ಮೂಸಂಬಿ ತೆಗೆದುಕೊಳ್ಳಿ. ನಡುವಿಗಿಂತ ತುಸು ಮೇಲೆ ಎದುರುಬದುರಾಗಿ ಎರಡು ಚುಕ್ಕೆ ಇಟ್ಟು, ದಾರ ಹಿಡಿದು ನೋಡಿ. ಸುತ್ತಿಕೊಂಡು ಹೋಗುವುದಕ್ಕಿಂತ ತೊಟ್ಟಿನ ಮೇಲಿಂದ ಹೋದರೆ ದಾರ ಕಡಿಮೆ ಸಾಕು! ಆ ತೊಟ್ಟೇ ಉತ್ತರ ಧ್ರುವ.

2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನವೊಂದು ಇದೇ ಹಾದಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರವಾಗಿ ಬಂತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಗಾರ್ತಿಯರು. ಚಾಲಕರೆಲ್ಲ ಹೆಂಗಸರೇ! ಹೆಂಗಸರ ಕೈಗೆ ಗಾಡಿ ಕೊಡಬಾರದು ಎನ್ನುವ ಯಜಮಾನರಿಗೆ ಇದನ್ನು ಓದಿ ಹೇಳಿ.

ಭಾನುವಾರ ಎಲ್ಲಿ ಹೋಯಿತು?

ಆ ವಿಮಾನ ಶನಿವಾರ ರಾತ್ರಿ ಹೊರಟು ಸೋಮವಾರ ನಸುಕಿಗೆ ಬೆಂಗಳೂರು ಮುಟ್ಟಿತು. ಅಯ್ಯೋ, ಎರಡು ದಿನವೇ ಎಂದು ಗಾಬರಿಯಾಗಬೇಡಿ. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಅಲ್ಲಿ ಶನಿವಾರ ರಾತ್ರಿ 8.30 ಆದಾಗ ನಮ್ಮಲ್ಲಿ ಭಾನುವಾರ ಬೆಳಿಗ್ಗೆ 10. ಹೋಗುವಾಗ ಇದು ತಿರುಗುಮುರುಗು. ಚಳಿಗಾಲದಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ, ಅಲ್ಲಿ ಅದೇ ದಿನ ಸಂಜೆ 4.30! ಟಿಕೆಟ್ಟಿನಲ್ಲಿ ಆಯಾ ಊರಿನ ಸಮಯವೇ ಇರುವುದರಿಂದ ಎರಡನ್ನೂ ಸುಮ್ಮನೆ ಕಳೆದರೆ ಲೆಕ್ಕ ತಪ್ಪುತ್ತದೆ.

ಈ ಲೆಕ್ಕ ಬೇಕಾಗುವುದು ಮುಖ್ಯವಾಗಿ ಔಷಧಿಗೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು ಯಾವ ಹೊತ್ತಿಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳಬೇಕೆಂದು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಔಷಧಿ ಕೈಚೀಲದಲ್ಲೇ ಇರಲಿ.

ಇನ್ನೂ ಕೆಲವು ಮಾತು

* ಒಂದೇ ಕಡೆ ಕೂತರೆ ಕಾಲು ಊದುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು. ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಶೌಚಾಲಯಕ್ಕೆ ಏಳಬೇಕಲ್ಲ ಎಂದು ನೀರು ಕುಡಿಯದೆ ಇರಬೇಡಿ.

* ಒಂಟಿಯಾಗಿ ಹೋಗುವವರಿಗೆ ನಡೆಯುವುದು ಕಷ್ಟವಿದ್ದರೆ ಟಿಕೆಟ್ ಕೊಳ್ಳುವಾಗಲೇ ಗಾಲಿಕುರ್ಚಿಯ ಸಹಾಯ ಕೇಳಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

* ಚಟ್ನಿಪುಡಿ, ಅಂಟಿನುಂಡೆ ಏನೇ ಒಯ್ದರೂ ಅಲ್ಲಿಯ ಅಧಿಕಾರಿಗಳಿಗೆ ಮುಚ್ಚಿಡದೆ ತಿಳಿಸಿ. ಹಸಿ ಹಣ್ಣು, ಕರಿಬೇವು ಮನೆಯಲ್ಲೇ ಬಿಡಿ.

ದೂರವೇನೋ ದೂರವೇ. ಆದರೆ ಸಂಜೆ ಊರಿನ ಬಸ್ಸು ಹತ್ತಿ ಬೆಳಗಾಗಿ ಬೆಳಿಗ್ಗೆ ಇಳಿಯುವ ಅಭ್ಯಾಸ ನಮಗಿಲ್ಲವೇ? ಅಂಥ ಒಂದೂವರೆ ರಾತ್ರಿ ಎಂದುಕೊಂಡು ಧೈರ್ಯವಾಗಿ ಹೊರಡಿ.